ಒಂದೇ ಬಲ್ಬಿನ ಅರಮನೆ

ಫೆಬ್ರವರಿ ೯

ಒಂದೇ ಬಲ್ಬಿನ ಅರಮನೆಯ ಒಡತಿಗೆ,

ಕೇಳುವಂಥವಳಾಗು. ಮಗಳ ಬಾಣಂತನಕ್ಕೆಂದು ನೀನು ರೈಲು ಹತ್ತಿ ಇಂದಿಗೆ ಹನ್ನೊಂದು ದಿನ. ಫೋನಿನಲ್ಲಿ ನಿನ್ನ ಮಾತು ನನ್ನ ಕಿವಿಗೆ ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಕೇಳಿಸುತ್ತದೆ. ಕೇಳಿಸದ ಮಾತಿಗೂ ಫೋನಿನವರು ಕಾಸು ಹಿಡಿಯುತ್ತಾರೆ. ಆದ್ದರಿಂದ ಇನ್ನು ಮೂರು ತಿಂಗಳು ನಮ್ಮ ಸಂಭಾಷಣೆಯೆಲ್ಲ ಕಾಗದದ ಮೇಲೆಯೇ ನಡೆಯತಕ್ಕದ್ದು. ಇದರ ಬೆನ್ನು ತಿರುಗಿಸಿ ನೋಡು. ನಮ್ಮ ನಾಟಕ ಕಂಪನಿಯ ಕೊನೆಯ ಆಟದ ಕರಪತ್ರ. ಕಿರೀಟ ಹೊತ್ತು, ಎದೆ ಸೆಟೆಸಿ ನಿಂತಿರುವವನು ನಿನ್ನ ಗಂಡ. ಇಪ್ಪತ್ತೆಂಟು ವರ್ಷ ಹಳೆಯದಾದರೇನು, ಒಂದು ಮಗ್ಗುಲು ಖಾಲಿ ಇತ್ತು. ಖಾಲಿ ಇರುವುದನ್ನು ಎಸೆಯುವ ಜಾತಿ ನಮ್ಮದಲ್ಲ.

ಈಗ ರಾಜ್ಯದ ವರದಿ. ಬಲ್ಬು ಇಂದಿಗೂ ಒಂದೇ. ನೀನಿದ್ದಾಗ ಅದನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಬಚ್ಚಲಿಗೆ, ಪಲ್ಲಕ್ಕಿಯಲ್ಲಿ ಹೊತ್ತ ಹಾಗೆ ಹೊತ್ತು ತಿರುಗಬೇಕಿತ್ತು. ನೀನು ಪಾತ್ರೆ ಉಜ್ಜಿ ಮುಗಿಸುವ ತನಕ ನಾನು ಕತ್ತಲಲ್ಲಿ ಕೂತು ಹಳೆಯ ಪಾತ್ರಗಳ ಮಾತು ನೆನೆಯುತ್ತಿದ್ದೆ. ಈಗ ಆ ಗೋಜಿಲ್ಲ. ನಾನಿದ್ದಲ್ಲಿ ಬಲ್ಬು, ಬಲ್ಬಿದ್ದಲ್ಲಿ ನಾನು.

ಸೋಪಿನ ಚೂರುಗಳನ್ನೆಲ್ಲ ಹರಿದ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿದ್ದೇನೆ. ಅದು ಇನ್ನೂ ನೊರೆ ಕೊಡುತ್ತಿದೆ. ಕಾಳನ್ನು ಮುಂಜಾನೆಯೇ ನೆನೆಹಾಕಿ, ಒಂದು ಕುದಿ ಬಂದೊಡನೆ ಒಲೆ ಆರಿಸಿ, ಪಾತ್ರೆಗೆ ನಿನ್ನ ಹಳೆಯ ಶಾಲು ಹೊದಿಸಿ ಕೂರಿಸುತ್ತೇನೆ. ಮಧ್ಯಾಹ್ನಕ್ಕೆ ತಾನಾಗಿ ಬೆಂದಿರುತ್ತದೆ. ಎದುರುಮನೆಯ ದರ್ಜಿ ಬಾಗಿಲಿಂದ ಇಣುಕಿ, "ಮಹಾರಾಜರೇ, ಯಾರಿಗೆ ಜ್ವರ, ಪಾತ್ರೆಗಾ?" ಅಂದ. ಅವನ ಮನೆಯ ಒಲೆ ಹೇಗೆ ಉರಿಯುತ್ತದೆಂದು ನೋಡಿದ್ದೇನೆ. ನಗಲಿ ಬಿಡು.

ಮಗಳಿಗೆ, ಕೂಸಿಗೆ ನನ್ನ ಆಶೀರ್ವಾದ. ಅಳಿಯನಿಗೆ ದೀಪ ಆರಿಸುವುದನ್ನು ಕಲಿಸು.

ಇಂತಿ ನಿನ್ನ,
ಮಹಾರಾಜ

*

ಫೆಬ್ರವರಿ ೨೧

ಮನೆಯವರಿಗೆ,

ಕಾಗದ ತಲುಪಿತು. ಕೂಸು ಚೆನ್ನಾಗಿದೆ. ಹೊಟ್ಟೆ ತುಂಬಿದ ಮೇಲೂ ಅಳುತ್ತದೆ. ಅಳುವುದಕ್ಕೆ ಖರ್ಚಿಲ್ಲವಲ್ಲ, ಅಳಲಿ ಎಂದು ಬಿಟ್ಟಿದ್ದೇನೆ. ಮಗಳು ಇನ್ನೊಂದು ತಿಂಗಳಿಗೆ ಆಸ್ಪತ್ರೆಯ ಕೆಲಸಕ್ಕೆ ಹಿಂದಿರುಗಬೇಕು. ನರ್ಸುಗಳು ಕಡಿಮೆಯಂತೆ.

ಇಲ್ಲಿ ಪ್ರತಿ ಕೋಣೆಗೂ ಬಲ್ಬಿದೆ. ಮೊದಲ ವಾರ ನಾನು ಅಡುಗೆಮನೆಯಿಂದ ಹೊರಡುವಾಗ ಅಭ್ಯಾಸಬಲದಿಂದ ಸೆರಗಿನಲ್ಲಿ ಬಲ್ಬು ಬಿಚ್ಚಲು ಕೈ ಚಾಚಿದೆ. ಅಳಿಯ ನೋಡಿ, "ಅತ್ತೆ, ಏನ್ ಹುಡುಕ್ತಿದೀರ ಮೇಲೆ?" ಅಂದರು. ಜೇಡರ ಬಲೆ ಅಂದೆ.

ಕಿವಿಯ ಮಿಷನ್ನನ್ನು ಮನೆಯಲ್ಲೂ ಹಾಕಿಕೊಳ್ಳಿ. ಒಬ್ಬರೇ ಇದ್ದೀರಿ, ಹಾಲು ಉಕ್ಕಿದರೂ ಕೇಳುವುದಿಲ್ಲ, ಯಾರಾದರೂ ಬಾಗಿಲು ಬಡಿದರೂ ಕೇಳುವುದಿಲ್ಲ.

ಶಾಲು ಪಾತ್ರೆಗೆ ಹೊದಿಸಬೇಡಿ. ಅದು ನನ್ನ ತಾಯಿಯದು.

ಇಂತಿ,
ನಿಮ್ಮ ಮನೆಯಾಕೆ

*

ಮಾರ್ಚ್ ೪

ರಾಣಿಗೆ,

ಬೆಚ್ಚಬೇಡ. ಇದು ನಿನ್ನ ಕಾಗದವೇ. ಬೆನ್ನನ್ನು ನೀನು ಪೂರ್ತಿ ಖಾಲಿ ಬಿಟ್ಟಿದ್ದೆ, ಅಲ್ಲಿಯೇ ಉತ್ತರ ಬರೆದು ಮರಳಿಸುತ್ತಿದ್ದೇನೆ. ಒಂದು ಹಾಳೆ, ಎರಡು ಕಾಗದ. ಇನ್ನು ಮುಂದೆಯೂ ಹೀಗೆಯೇ ನಡೆಯಲಿ. ನೀನು ಒಂದೇ ಮಗ್ಗುಲಲ್ಲಿ ಬರೆ.

ಮಿಷನ್ನಿನ ವಿಷಯ. ಹತ್ತು ದಿನಕ್ಕೆ ಸಾಯಬೇಕಾದ ಬ್ಯಾಟರಿಯನ್ನು ನಾನು ತಿಂಗಳು ಬಾಳಿಸಿದ್ದೇನೆ. ಸಭಾಂಗಣದ ಕೆಲಸಕ್ಕೆ ಹೋದಾಗ ಹಾಕುತ್ತೇನೆ. ಕುರ್ಚಿ ಜೋಡಿಸುವವನಿಗೆ ಮ್ಯಾನೇಜರು ಎರಡನೇ ಸಲ ಕೂಗುವಂತಾಗಬಾರದು. ಮನೆಗೆ ಬಂದ ಕೂಡಲೇ ಡಬ್ಬಿಯೊಳಗೆ. ಮನೆಯಲ್ಲಿ ಕೇಳುವಂಥದ್ದು ಏನಿದೆ?

ಈಗ ಜಯಭೇರಿ ಹೊಡೆಸುವಂಥ ಸುದ್ದಿ. ನೀನು ಹೋದಂದಿನಿಂದ ಅನಿಲದ ಸಿಲಿಂಡರು ಅಲ್ಲಾಡಿಲ್ಲ, ಸಾಯುವ ಸೂಚನೆಯೇ ಇಲ್ಲ. ಕರೆಂಟಿನ ಬಿಲ್ಲು ತಂದವನು ಮೀಟರನ್ನು ತಟ್ಟಿ ನೋಡಿದ, ಕೆಟ್ಟಿದೆಯೋ ಎಂದು. ಟೀ ಪುಡಿಯನ್ನು ಮೂರನೇ ಸಲ ಕುದಿಸಿದರೂ ಬಣ್ಣ ಬಿಡುತ್ತದೆ ಎಂಬುದನ್ನು ಕಂಡುಹಿಡಿದಿದ್ದೇನೆ. ನೀನು ಎರಡಕ್ಕೇ ಕೈಬಿಡುತ್ತಿದ್ದೆ. ಸೋಪು, ಎಣ್ಣೆ, ಸಕ್ಕರೆ, ನೀರು, ಎಲ್ಲದರ ಖರ್ಚೂ ಅರ್ಧಕ್ಕಿಂತ ಕೆಳಗೆ. ದರ್ಜಿಯನ್ನು ಕರೆದು ಕೂರಿಸಿ ಇದನ್ನೆಲ್ಲ ಹೇಳಿದೆ. ಇಷ್ಟು ವರ್ಷ ಸಂಸಾರ ಮಾಡಿ ಇಂಥ ಉಳಿತಾಯ ಕಂಡಿರಲಿಲ್ಲ ಎಂದೆ. ಅವನು ಟೀ ಲೋಟ ಕೆಳಗಿಟ್ಟು ಎದ್ದು ಹೋದ. ಹೊಟ್ಟೆಕಿಚ್ಚು, ಮತ್ತೇನು.

ನಿನಗೆ ಸಂತೋಷವಾಗಲೆಂದು ಬರೆದೆ.

ಇಂತಿ ನಿನ್ನ,
ಮಹಾರಾಜ

*

ಏಪ್ರಿಲ್ ೨೮

ಮನೆಯವರಿಗೆ,

ಉತ್ತರ ತಡವಾಯಿತು. ಸಂತೋಷವಾಗಲೆಂದು ಬರೆದದ್ದನ್ನು ಒಂದೆರಡು ಸಲ ಓದಿಕೊಂಡೆ. ನಾನಿಲ್ಲದೆ ಆ ಮನೆಗೆ ಎಷ್ಟು ಲಾಭ ಎಂಬುದು ಈಗ ತಿಳಿಯಿತು.

ನನಗೊಂದು ಕೆಲಸ ಸಿಕ್ಕಿದೆ. ಮಗಳ ಆಸ್ಪತ್ರೆಯಲ್ಲಿ ಬಟ್ಟೆ ಕೋಣೆ ಅಂತ ಒಂದಿದೆ. ರೋಗಿಗಳ ಹಾಸಿಗೆಯ ಬೆಡ್‌ಶೀಟುಗಳು ನಡುವೆ ಸವೆದು ಜಾಳಾದರೆ ಎಸೆಯುತ್ತಿದ್ದರು. ಮಗಳಿಗೆ ಊಟ ಕೊಡಲು ಹೋದಾಗ ನೋಡಿ ಹೊಟ್ಟೆ ಉರಿಯಿತು. ನಮ್ಮ ಮನೆಯಲ್ಲಿ ಮಾಡುವ ಹಾಗೆ ಒಂದನ್ನು ನಡುವೆ ಉದ್ದಕ್ಕೆ ಸೀಳಿ, ಗಟ್ಟಿ ಇರುವ ಅಂಚುಗಳನ್ನು ತಂದು ನಡುವೆ ಕೂಡಿಸಿ ಹೊಲಿದು, ಸವೆದದ್ದನ್ನು ಅಂಚಿಗೆ ಮಡಿಚಿ ತೋರಿಸಿದೆ. ಮೇಲ್ವಿಚಾರಕಿ ಹೊಲಿಗೆಯ ಮೇಲೆ ಕೈ ಆಡಿಸಿ, "ಎಲ್ಲಿ ಕಲಿತ್ರಿ ಇದನ್ನ?" ಅಂತ ಕೇಳಿದರು. ನಮ್ಮ ಮನೆಯಲ್ಲೇ ಅಂದೆ. ಮರುದಿನದಿಂದ ಬನ್ನಿ ಅಂದರು. ತಿಂಗಳ ಸಂಬಳ. ಜೊತೆಗೆ ಮೂವರು ಹೆಂಗಸರು, ದೊಡ್ಡ ಕಿಟಕಿ, ಬೀದಿ ಕಾಣುತ್ತದೆ. ಕೂಸನ್ನು ಅಳಿಯನ ತಾಯಿ ನೋಡಿಕೊಳ್ಳುತ್ತಾರೆ.

ಆದ್ದರಿಂದ ಮೂರು ತಿಂಗಳಿಗೆ ಬರುವುದು ಆಗುವುದಿಲ್ಲ.

ಇಂತಿ,
ನಿಮ್ಮ ಮನೆಯಾಕೆ

*

ಮೇ ೭

ಕೆಲಸದಾಕೆಗೆ,

ಭಲೆ. ಸಿಂಹಾಸನದ ಮೇಲೆ ಕೂರಬೇಕಾದವಳು ಆಸ್ಪತ್ರೆಯ ಹಾಸಿಗೆ ಹೊಲಿಯುತ್ತಾಳೆ, ಮತ್ತು ಅದನ್ನು ಗಂಡನಿಗೆ ಬರೆದು ತಿಳಿಸುತ್ತಾಳೆ. ಯಾರ ಅಪ್ಪಣೆ? ಸಂಬಳ ಎಷ್ಟೆಂದು ಬರೆಯಲಿಲ್ಲ, ಅದನ್ನು ಗಮನಿಸಿದ್ದೇನೆ. ಕಡಿಮೆಯಾಗಿದ್ದರೆ ಹೇಳಿಕೊಳ್ಳಲು ನಾಚಿಕೆ, ಹೆಚ್ಚಾಗಿದ್ದರೆ ಹೇಳಿಕೊಳ್ಳಲು ಭಯ.

ನಾನಿಲ್ಲದೆ ಲಾಭ ಎಂಬ ನಿನ್ನ ಆ ವಾಕ್ಯವನ್ನೂ ಗಮನಿಸಿದ್ದೇನೆ. ನಾನು ಬರೆದದ್ದು ಸಿಲಿಂಡರಿನ ಬಗ್ಗೆ. ನೀನು ಓದಿದ್ದು ನಿನ್ನ ಬಗ್ಗೆ. ಇದರಲ್ಲಿ ನನ್ನ ತಪ್ಪೇನು? ಇಷ್ಟು ವರ್ಷ ಹಲ್ಲು ಕಚ್ಚಿ ಉಳಿಸಿದ್ದು ಯಾರಿಗೋಸ್ಕರ? ಕಷ್ಟಕಾಲಕ್ಕೆ ಇರಲಿ ಎಂದು ತಾನೆ? ಬ್ಯಾಂಕಿನಲ್ಲಿ ಬಿದ್ದಿದೆಯಲ್ಲ, ಅದರ ಅರ್ಧ ನಿನ್ನದಲ್ಲವೇ?

ಜೂನ್ ಮೊದಲ ವಾರ ಹೊರಟು ಬಾ. ಹಗಲು ರೈಲಿಗೆ ಟಿಕೆಟು ಅಗ್ಗ. ದಾರಿಯಲ್ಲಿ ಏನೂ ಕೊಳ್ಳಬೇಡ, ಬುತ್ತಿ ಕಟ್ಟಿಕೋ.

ಇಂತಿ,
ಮಹಾರಾಜ

*

ಜೂನ್ ೩೦

ಮನೆಯವರಿಗೆ,

ಈ ಸಲ ಎರಡೂ ಮಗ್ಗುಲು ಬರೆಯುತ್ತಿದ್ದೇನೆ. ಉತ್ತರ ಬರೆಯಬೇಕಾದರೆ ನೀವು ಬೇರೆ ಹಾಳೆ ಹುಡುಕಬೇಕು.

ನಾನು ನಿಮಗೆ ಬರೆದ ಕಾಗದಗಳೆಲ್ಲ ನನ್ನ ಹತ್ತಿರವೇ ಇವೆ. ನೀವೇ ಕಳಿಸಿದಿರಿ, ಬೆನ್ನ ಮೇಲೆ ನಿಮ್ಮ ಮಾತು ಹೊರಿಸಿ. ನಾನು ಹೇಳಿದ್ದು ಒಂದೂ ಆ ಮನೆಯಲ್ಲಿ ಉಳಿದಿಲ್ಲ. ಮೊದಲು ಬಾಯಲ್ಲಿ ಹೇಳಿದಾಗಲೂ ಹಾಗೆಯೇ ಆಗುತ್ತಿತ್ತು.

ನಿಮಗೊಂದು ವಿಷಯ ತಿಳಿಸಬೇಕು. ನಾನು ಹೊರಟ ದಿನ ಬೆಳಿಗ್ಗೆ ನೀವು ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದಿರಿ. ನಾನು ಹಿಂದೆ ಬಂದು ನಿಂತು, "ರೀ, ನಾನು ಮೂರು ತಿಂಗಳಿಗೆ ಅಂತ ಹೋಗ್ತಿಲ್ಲ. ವಾಪಸ್ ಬರೋ ಮನಸ್ಸಿಲ್ಲ ನಂಗೆ. ಬೇಡ ಅನ್ನೋದಾದ್ರೆ ಈಗ್ಲೇ ಅನ್ನಿ" ಎಂದೆ. ನೀವು ಕನ್ನಡಿಯಲ್ಲೇ ನನ್ನ ಮುಖ ನೋಡಿ, "ಹೂಂ, ಒಳ್ಳೇದು, ಹಾಗೇ ಮಾಡು" ಎಂದಿರಿ. ಮಿಷನ್ನು ಡಬ್ಬಿಯಲ್ಲಿತ್ತು. ನನಗೆ ಗೊತ್ತಿತ್ತು. ಗಟ್ಟಿಯಾಗಿ ಇನ್ನೊಂದು ಸಲ ಹೇಳಬಹುದಿತ್ತು. ನಿಮ್ಮ ಕಿವಿ ಮಂದವಾದಾಗಿನಿಂದ ಎಂಟು ವರ್ಷ ಪ್ರತಿ ಮಾತನ್ನೂ ಗಟ್ಟಿಯಾಗಿ ಇನ್ನೊಂದು ಸಲ ಹೇಳಿ ಗಂಟಲು ಸೋತಿತ್ತು. ಟ್ರಂಕು ಎತ್ತಿಕೊಂಡು ಬಂದೆ. ಮ್ಯಾನೇಜರ ದನಿಗೆ ಬ್ಯಾಟರಿ ಇದೆ, ಹೆಂಡತಿಯ ದನಿಗೆ ಇಲ್ಲ. ಉಳಿತಾಯ ಎಂದರೆ ಇದೇ ಇರಬೇಕು.

ಹಲ್ಲು ಕಚ್ಚಿ ಉಳಿಸಿದೆ ಎಂದು ಬರೆದಿದ್ದೀರಿ. ಕಚ್ಚುವುದಕ್ಕೆ ನಿಮಗೆ ಹಲ್ಲಿವೆ. ನನ್ನ ಮೊದಲ ಹಲ್ಲು ನೋಯತೊಡಗಿದಾಗ ಡಾಕ್ಟರು, "ತುಂಬಿಸಿದ್ರೆ ಉಳಿಯುತ್ತೆ" ಅಂದರು. ನೀವು, "ಕಿತ್ತರೆ ಎಷ್ಟಾಗುತ್ತೆ?" ಅಂದಿರಿ. ಹಾಗೆ ಒಂಬತ್ತು ಹಲ್ಲು ಹೋದವು. ಬಾಯಿಗೆ ಸೆರಗು ಹಿಡಿದು ನಗುವುದನ್ನು ಕಲಿತೆ, ಆಮೇಲೆ ನಗುವುದನ್ನೇ ಬಿಟ್ಟೆ. ನಾನೇಕೆ ನಗುವುದಿಲ್ಲ ಎಂದು ನೀವು ಒಂದು ದಿನವೂ ಕೇಳಲಿಲ್ಲ.

ಕಷ್ಟಕಾಲಕ್ಕೆ ಇರಲಿ ಅನ್ನುತ್ತೀರಿ. ಅದು ಬಂದಿತ್ತು. ನಮ್ಮ ಮನೆಯಲ್ಲೇ ಊಟ ಮಾಡುತ್ತಿತ್ತು, ನಿಮ್ಮ ಮಗ್ಗುಲಲ್ಲೇ ಮಲಗುತ್ತಿತ್ತು. ನಿಮಗೆ ಗುರುತು ಸಿಗಲಿಲ್ಲ.

ಎರಡು ತಿಂಗಳ ಸಂಬಳದಲ್ಲಿ ಹಲ್ಲು ಕಟ್ಟಿಸಿಕೊಂಡಿದ್ದೇನೆ.

ಇಂತಿ,
ಮಗಳ ತಾಯಿ

*

ಆಗಸ್ಟ್ ೧೧

ಮಗಳ ತಾಯಿಗೆ,

ಇದು ಹೊಸ ಹಾಳೆ. ಅಂಗಡಿಯಲ್ಲಿ ಕೊಂಡದ್ದು. ಒಂದೇ ಹಾಳೆ ಕೊಡು ಎಂದರೆ ಅಂಗಡಿಯವನು ನಕ್ಕ, ಇಡೀ ಪುಸ್ತಕ ಕೊಳ್ಳಬೇಕಾಯಿತು. ಆರು ವಾರ ಬೇಕಾಯಿತು ಇಷ್ಟು ಬರೆಯಲು.

ನಿನಗೆ ನೆನಪಿರಬೇಕು, ಕಂಪನಿ ಮುಳುಗಿದ ಆ ವರ್ಷ. ಮಾಲೀಕ ಪರದೆ, ಕಿರೀಟ, ಹಾರ್ಮೋನಿಯಂ ಎಲ್ಲವನ್ನೂ ಮಾರಿ, ನಮ್ಮನ್ನು ಗುರುತು ಪರಿಚಯವಿಲ್ಲದ ಊರಿನಲ್ಲಿ ಬಿಟ್ಟು ಓಡಿದ. ನೀನು ಏಳು ತಿಂಗಳ ಗರ್ಭಿಣಿ. ನಾನು ಸ್ಟೇಷನ್ನಿನಲ್ಲಿ ನಿಂತು ಬಂದು ಹೋಗುವವರ ಮುಂದೆ ಚಕ್ರವರ್ತಿಯ ಮಾತು ಹೇಳಿ ಕಾಸು ಬೇಡಿದೆ. ಒಬ್ಬನು ಅರ್ಧ ತಿಂದ ಬ್ರೆಡ್ಡನ್ನು ನನಗೆ ಕೊಡದೆ ನಿನ್ನ ಮಡಿಲಿಗೆ ಹಾಕಿ ಹೋದ. ನೀನು ತಿಂದೆ. ನಾನು ನೋಡಿದೆ. ಆ ಹೊತ್ತು ನನ್ನೊಳಗೆ ಏನೋ ಬೀಗ ಬಿತ್ತು. ಇನ್ನೊಮ್ಮೆ ಯಾರೂ ನನ್ನ ಹೆಂಡತಿಯ ಮಡಿಲಿಗೆ ಏನನ್ನೂ ಎಸೆಯಬಾರದು, ಅಷ್ಟೇ. ಬೀಗ ಹಾಕುವುದೊಂದೇ ನನಗೆ ಗೊತ್ತಾದದ್ದು. ತೆಗೆಯುವ ದೃಶ್ಯವನ್ನು ಯಾರೂ ಕಲಿಸಿಕೊಡಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಮನೆಯಲ್ಲಿಯೂ ಮಿಷನ್ನು ಹಾಕಿಕೊಂಡೆ. ನಲ್ಲಿ ತೊಟ್ಟಿಕ್ಕುತ್ತದೆ. ಬೀದಿಯಲ್ಲಿ ಸೈಕಲ್ಲು ಹೋಗುತ್ತದೆ. ದರ್ಜಿಯ ಮಿಷನ್ನು ಕಟಕಟ ಎನ್ನುತ್ತದೆ. ಅವನ ಹೆಂಡತಿ ಅವನಿಗೆ ಏನೋ ಹೇಳುತ್ತಾಳೆ, ಅವನು ಏನೋ ಅನ್ನುತ್ತಾನೆ. ಇಡೀ ದಿನ ಹಾಗೆಯೇ. ನಮ್ಮ ಮನೆಯಲ್ಲಿ ಮಾತ್ರ ಏನೂ ಇಲ್ಲ. ಬ್ಯಾಟರಿ ಮುಗಿಯುವ ತನಕ ಕೇಳಿದೆ.

ಹಿಂದಿರುಗಿ ಬಾ. ಇನ್ನೂ ಎರಡು ಬಲ್ಬು ತಂದಿದ್ದೇನೆ.

ಇಂತಿ ನಿನ್ನ,
ಮಹಾರಾಜ

*

ಸೆಪ್ಟೆಂಬರ್ ೫

ಮನೆಯವರಿಗೆ,

ಆ ಬ್ರೆಡ್ಡಿನ ರುಚಿ ನನಗೂ ನೆನಪಿದೆ. ಅರ್ಧ ನಿಮಗೆ ಇಟ್ಟಿದ್ದೆ. ನೀವು ಬೇಡ ಅಂದಿರಿ.

ಬಾ ಎಂದು ಬರೆಯುವುದು ಸುಲಭ. ಬಂದು ಎದುರು ನಿಂತು ಕೇಳಿ. ಸಂಜೆ ಐದರ ತನಕ ಬಟ್ಟೆ ಕೋಣೆಯಲ್ಲಿರುತ್ತೇನೆ. ಆಸ್ಪತ್ರೆಯ ಹಿಂಬದಿ ಬೀದಿ, ನೆಲಮಹಡಿ, ಹಸಿರು ಕಿಟಕಿ. ಸ್ಟೇಷನ್ನಿನಿಂದ ಕಾಲು ಗಂಟೆಯ ನಡಿಗೆ. ನೀವು ಕೇಳಿದರೆ ನಾನು ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಆದರೆ ಕೇಳಿಸಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಮನೆಯಾಕೆ

*

ಅಕ್ಟೋಬರ್ ೧೭

ರಾಣಿಗೆ,

ಬಂದಿದ್ದೆ. ಹೌದು, ಕಳೆದ ಶುಕ್ರವಾರ ನಿನ್ನ ಊರಿಗೆ ಈ ಮಹಾರಾಜನ ಆಗಮನವಾಗಿತ್ತು. ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಮಿಷನ್ನು, ಅದರಲ್ಲಿ ಹೊಸ ಬ್ಯಾಟರಿ. ಸ್ಟೇಷನ್ನಿನಲ್ಲಿ ಇಳಿದವನೇ ಮೊದಲು ಮಾಡಿದ ಕೆಲಸ, ಆರು ಗಂಟೆಯ ರೈಲಿಗೆ ಎರಡು ಟಿಕೆಟು. ನನಗೊಂದು, ನಿನಗೊಂದು. ನಿನ್ನದು ಕಿಟಕಿಯ ಪಕ್ಕ. ಯೋಚಿಸದೆ ತೆಗೆದುಕೊಂಡೆ, ಲೆಕ್ಕ ಹಾಕದೆ ತೆಗೆದುಕೊಂಡೆ, ಇದನ್ನು ನೀನು ನಂಬಬೇಕು.

ನಿನ್ನ ಹಸಿರು ಕಿಟಕಿಯ ಎದುರು ಟೀ ಅಂಗಡಿಯ ಕಂಬಕ್ಕೆ ಒರಗಿ ನಿಂತೆ. ಹೇಳಬೇಕಾದ ಮಾತನ್ನು ರೈಲಿನುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಒಳಗೆ ಕಾಲಿಡಬೇಕು, ಅಷ್ಟರಲ್ಲಿ ನೀನು ನಕ್ಕೆ. ಬೀದಿ ದಾಟಿ ಬಂತು ಆ ನಗೆ, ವಾಹನಗಳ ಸದ್ದನ್ನೆಲ್ಲ ಒದ್ದುಕೊಂಡು. ಎಷ್ಟು ವರ್ಷವಾಗಿತ್ತು? ಕಂಪನಿಯ ದಿನಗಳಲ್ಲಿ ನಾನು ಮೀಸೆ ಅಂಟಿಸಲು ಮರೆತು ರಂಗಕ್ಕೆ ನುಗ್ಗಿದ ದಿನ ಪಕ್ಕದ ಪರದೆಯ ಹಿಂದಿನಿಂದ ಕೇಳಿದ್ದ ನಗೆ ಅದು.

ಬೆಳಕಿನಲ್ಲಿ ಕೂತು ನಗುತ್ತಿರುವವಳನ್ನು ಕತ್ತಲಿನ ಅರಮನೆಗೆ ಕರೆಯಲು ಯಾವ ರಾಜನಿಗೆ ಮನಸ್ಸು ಬಂದೀತು? ನನ್ನ ಎದೆ ಕಲ್ಲಲ್ಲ. ಅವಳ ಸುಖವೇ ನನ್ನ ಪಾಲಿನ ಬಹುಮಾನ ಎಂದುಕೊಂಡು, ಕಟ್ಟಿಕೊಂಡು ಬಂದ ಮಾತನ್ನೆಲ್ಲ ನುಂಗಿ, ತಲೆ ಬಾಗಿಸಿ ನಿರ್ಗಮಿಸಿದೆ. ನನ್ನ ಪಾತ್ರ ಅಲ್ಲಿಗೆ ಮುಗಿಯಿತು. ನೀನು ಸುಖವಾಗಿರು.

ಇಂತಿ ನಿನ್ನ,
ಮಹಾರಾಜ

*

ಅಕ್ಟೋಬರ್ ೨೫

ಮನೆಯವರಿಗೆ,

ಕಾಗದ ಬಹಳ ಚೆನ್ನಾಗಿತ್ತು. ಸಭಾಂಗಣದಲ್ಲಿ ಓದಿದರೆ ಚಪ್ಪಾಳೆ ಬೀಳುತ್ತದೆ.

ನೀವು ಬಂದದ್ದನ್ನು ನಾನು ಮಧ್ಯಾಹ್ನ ಎರಡೂ ಇಪ್ಪತ್ತಕ್ಕೇ ನೋಡಿದೆ. ಆ ಅಂಗಿಯ ಕಾಲರು ತಿರುಗಿಸಿ ಹೊಲಿದವಳು ನಾನೇ, ಬೀದಿಯಾಚೆಯಿಂದಲೂ ಗುರುತು ಸಿಗುತ್ತದೆ. ಜೊತೆಯವರಿಗೆ, ನಮ್ಮ ಮನೆಯವರು ಎಂದು ತೋರಿಸಿದೆ. ಅವರಲ್ಲಿ ಹಿರಿಯಾಕೆ ಕಿಟಕಿಯಿಂದ ಬಗ್ಗಿ ನೋಡಿ, "ಏನಮ್ಮ, ನಿಮ್ಮ ಮಹಾರಾಜ್ರು ಕಂಬ ಬಿದ್ದೋಗುತ್ತೆ ಅಂತ ಹಿಡ್ಕೊಂಡಿದಾರಾ?" ಎಂದಳು. ಅದಕ್ಕೇ ನಕ್ಕೆ. ಕರೆಯಲು ಬಂದರಲ್ಲ ಎಂಬ ಸಂತೋಷಕ್ಕೆ ಅಷ್ಟು ಜೋರಾಗಿ ನಕ್ಕೆ. ಸೆರಗು ಹಿಡಿಯಲಿಲ್ಲ.

ಮೇಲ್ವಿಚಾರಕಿಯ ಹತ್ತಿರ ಹೋಗಿ, ಇವತ್ತು ಬೇಗ ಹೊರಡಬೇಕಾಗಬಹುದು ಎಂದು ಹೇಳಿ ಬಂದೆ. ಕೈಚೀಲಕ್ಕೆ ಕನ್ನಡಕ, ಕತ್ತರಿ ತುಂಬಿಕೊಂಡೆ. ಟೀಗೆ ಹೇಳಿದ್ದೆ, ಎರಡು ಲೋಟ ಬಂತು. ನೀವು ಇನ್ನೂ ಕಂಬದ ಹತ್ತಿರವೇ ಇದ್ದಿರಿ. ನನ್ನ ನಗೆ ಕೇಳಿದ ಮೇಲೂ ಒಂದು ಗಂಟೆಯ ಮೇಲೆ ನಿಂತಿರಿ. ಅದನ್ನು ನೀವು ಬರೆಯಲಿಲ್ಲ. ಮೂರೂವರೆಗೆ ಆಸ್ಪತ್ರೆಯ ಗಡಿಯಾರ ನೋಡಿದಿರಿ. ಮೂರೂ ನಲವತ್ತಕ್ಕೆ ಇನ್ನೊಮ್ಮೆ ನೋಡಿ, ಜೇಬು ಮುಟ್ಟಿಕೊಂಡು, ಸ್ಟೇಷನ್ನಿನ ಕಡೆಗೆ ಬಿರಬಿರನೆ ನಡೆದಿರಿ. ನಿರ್ಗಮಿಸುವ ರಾಜ ಅಷ್ಟು ಬೇಗ ನಡೆಯುವುದನ್ನು ನಾನು ಯಾವ ನಾಟಕದಲ್ಲೂ ನೋಡಿಲ್ಲ.

ನಮ್ಮ ಜೊತೆಯ ಒಬ್ಬಳು ಅದೇ ರೈಲಿಗೆ ಹೋಗಿ ಬರುತ್ತಾಳೆ. ಆರು ಗಂಟೆಯ ರೈಲಿನ ಟಿಕೆಟನ್ನು ನಾಲ್ಕರೊಳಗೆ ಹಿಂದಿರುಗಿಸಿದರೆ ಮುಕ್ಕಾಲು ಹಣ ಕೊಡುತ್ತಾರಂತೆ. ಆಮೇಲೆ ಏನೂ ಕೊಡುವುದಿಲ್ಲವಂತೆ.

ಒಂದೇ ಕೇಳುತ್ತೇನೆ. ನನ್ನ ಸುಖ ನೋಡಿ ಹೋದಿರೋ, ನಾಲ್ಕಾಗುತ್ತದೆ ಎಂದು ಹೋದಿರೋ? ನಾಟಕದ ಮಾತು ಬೇಡ.

ಇಂತಿ,
ನಿಮ್ಮ ಮನೆಯಾಕೆ

*

ನವೆಂಬರ್ ೬

ನಾಲ್ಕಾಗುತ್ತದೆ ಎಂದು ಹೋದೆ.

ನೀನೂ ಕರೆಯಲಿಲ್ಲ.

ಇಂತಿ,
ನಿನ್ನ ಗಂಡ